ತಾತನ ಎಡೆಗೆ ಇಟ್ಟ ಮೊಟ್ಟೆ

ನಮಗೆ ಪಠ್ಯವಾಗಿದ್ದದ್ದು ನಾನೂರು ವರ್ಷ ಹಳೆಯದೊಂದು ಸೇಡಿನ ನಾಟಕ. ಸತ್ತ ರಾಜ ದೆವ್ವವಾಗಿ ಬರುತ್ತಾನೆ. ನನ್ನನ್ನು ಕೊಂದವನು ನನ್ನ ತಮ್ಮನೇ, ಸೇಡು ತೀರಿಸು ಎಂದು ಮಗನಿಗೆ ಹೇಳಿ ಹೊರಟುಹೋಗುತ್ತಾನೆ. ಮಗ ಅಂಕದ ಮೇಲೆ ಅಂಕ ಯೋಚನೆ ಮಾಡುತ್ತಾನೆ. ಕೊನೆಗೆ ಎಲ್ಲರೂ ಸಾಯುತ್ತಾರೆ. ಹೆಗ್ಗಡದೇವನಕೋಟೆಯ ಡಿಗ್ರಿ ಕಾಲೇಜಿನಲ್ಲಿ, ಬೆಂಚುಗಳಿಗಿಂತ ವಿದ್ಯಾರ್ಥಿಗಳೇ ಕಡಿಮೆ ಇದ್ದ ಐಚ್ಛಿಕ ಇಂಗ್ಲಿಷ್ ತರಗತಿಯಲ್ಲಿ, ಊಟ ಮುಗಿದ ಮೇಲಿನ ಪೀರಿಯಡ್‌ನಲ್ಲಿ ನಾವು ಇದನ್ನು ಓದಿದೆವು. ಆ ಹೊತ್ತಿನ ಯಾವ ಪಾಠದಲ್ಲೂ ಕಣ್ಣು ತೆರೆದಿರದ ಕೊನೆ ಬೆಂಚಿನವರೂ ಇದರಲ್ಲಿ ಎಚ್ಚರವಾಗಿದ್ದರು. ಅಣ್ಣ ತಮ್ಮಂದಿರ ಜಗಳ ಯಾರಿಗೆ ತಾನೇ ನಿದ್ದೆ ತರಿಸುತ್ತದೆ?

ಮೇಡಂ ಬೋರ್ಡಿನ ಮೇಲೆ ಪ್ರಶ್ನೆ ಬರೆದರು: ರಾಜಕುಮಾರ ಯಾಕೆ ತಡ ಮಾಡುತ್ತಾನೆ? ಇದು ಪ್ರತಿ ಪರೀಕ್ಷೆಯಲ್ಲೂ ಬರುವ ಪ್ರಶ್ನೆ. ಗೈಡುಗಳಲ್ಲಿ ಇದಕ್ಕೆ ಸಿದ್ಧ ಉತ್ತರಗಳೂ ಇವೆ. ಅವನು ಹೇಡಿ, ಅವನು ದಾರ್ಶನಿಕ, ಅವನಿಗೆ ಮನೋವ್ಯಾಧಿ. ನಾನು ಎದ್ದು ನಿಂತೆ. ನಾನು ಎದ್ದು ನಿಂತರೆ ಉಳಿದವರು ಆರಾಮಾಗಿ ಒರಗಿಕೊಳ್ಳುತ್ತಿದ್ದರು. ಹೈಸ್ಕೂಲಿನಿಂದಲೂ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಅಂತ ಚರ್ಚಾಸ್ಪರ್ಧೆಗಳಿಗೆ ಬಸ್ಸಲ್ಲಿ ಅಲೆದು ಬೆಳೆದ ಬಾಯಿ ನನ್ನದು.

“ಅವನು ತಡ ಮಾಡ್ತಾನೇ ಇಲ್ಲ ಮೇಡಂ. ವಿಚಾರಣೆ ಮಾಡ್ತಿದಾನೆ. ಇರೋದು ಒಂದೇ ಸಾಕ್ಷಿ. ಆ ಸಾಕ್ಷಿ ಸತ್ತಿದೆ. ಪಾಟೀಸವಾಲಿಗೆ ಸಿಗಲ್ಲ. ಅದರ ಮಾತು ನಂಬಿ ಚಿಕ್ಕಪ್ಪನ ತಲೆ ತೆಗೆಯೋದಾ? ಮೊದಲು ದೆವ್ವ ಅಸಲಿಯೋ ನಕಲಿಯೋ ಪರೀಕ್ಷೆ ಆಗಬೇಕು.”

“ಅದಕ್ಕೇ ಅಲ್ವಾ ಅವನು ಅರಮನೆಯಲ್ಲಿ ಒಂದು ನಾಟಕ ಆಡಿಸಿ, ಚಿಕ್ಕಪ್ಪನ ಮುಖ ನೋಡೋದು?” ಎಂದರು ಮೇಡಂ.

“ಅದರಲ್ಲೇ ಅವನು ಎಡವಿದ್ದು. ಚಿಕ್ಕಪ್ಪನ್ನ ಪರೀಕ್ಷೆ ಮಾಡಿದ. ದೆವ್ವನ್ನ ಮಾಡಲಿಲ್ಲ.”

ಕೊನೆ ಬೆಂಚಿನಿಂದ ಯಾರೋ “ದೆವ್ವಕ್ಕೂ ಇಂಟರ್ನಲ್ಸ್ ಇಡಿ ಮೇಡಂ” ಅಂದರು. ಎಲ್ಲರೂ ನಕ್ಕರು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಮಾತ್ರ ನಗಲಿಲ್ಲ.

ಅವಳು ಹಂಪಾಪುರದ ಹತ್ತಿರದ ಹಳ್ಳಿಯವಳು. ಮಾತು ಕಡಿಮೆ. ನಾನು ಒಂದು ಗಂಟೆ ವಾದಿಸಿ ಗೆದ್ದದ್ದನ್ನು ಅವಳು ಒಂದು “ಊಂ, ಆಮೇಲೆ?” ಎಂಬ ಮಾತಿನಲ್ಲಿ ಕೆಡವಬಲ್ಲಳು. ಆ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಬಿಡಿಸುತ್ತಾ ಅವಳೇ ಮಾತು ತೆಗೆದಳು.

“ನಮ್ಮನೇಲೂ ಒಂದು ದೆವ್ವ ಐತೆ ಕಣಮ್ಮಿ.”

ಸಂಗತಿ ಇಷ್ಟು. ಅವಳ ಅಪ್ಪ, ಚಿಕ್ಕಪ್ಪ ಒಂದೇ ಗೋಡೆಯ ಆಚೆ ಈಚೆ ವಾಸ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆ ಯಾರ ಪಾಲಿಗೆ ಅನ್ನುವುದರಲ್ಲಿ ಜಗಳ ಶುರುವಾಗಿತ್ತು. ತಾತ ತೀರಿಹೋದ ವರ್ಷ ಪಿತೃಪಕ್ಷದ ಎಡೆ ಇಟ್ಟಾಗ ಅವರು ತಮ್ಮ ತಂಗಿಯ ಮೈಮೇಲೆ ಬಂದು, “ಕಿರಿಯೋನ ಮನೆ ನೀರು ಮುಟ್ಟುಬ್ಯಾಡಿ” ಅಂದುಬಿಟ್ಟರಂತೆ. ಈ ತಂಗಿ, ಅಂದರೆ ಗೆಳತಿ ಅಜ್ಜಿ ಎಂದು ಕರೆಯುವವರು, ಗಂಡ ಸತ್ತ ಮೇಲೆ ತವರಿಗೇ ಬಂದು ಉಳಿದವರು. ಅಲ್ಲಿಂದಾಚೆಗೆ ತಾತ ಪ್ರತಿ ವರ್ಷ ಎಡೆಯ ದಿನ ಹೀಗೇ ಬರುತ್ತಾರೆ, ಎರಡು ಮನೆಗೂ ಮಾತಿಲ್ಲ. ಈ ಮನೆಯ ಕೋಳಿ ಆ ಮನೆಯಂಗಳಕ್ಕೆ ಹೋದರೆ, ಅವರು ಅದನ್ನು ಹಿಡಿದು ಗೋಡೆ ಮೇಲೆ ಕೂರಿಸುತ್ತಾರೆ. ಕೋಳಿಯ ಮಟ್ಟಿಗೆ ಮಾತ್ರ ಸಂಬಂಧ ಉಳಿದಿದೆ.

“ಸರಿ, ಈಗೇನು?”

“ದೀಪಾವಳಿ ಕಳುದ್ ಮೇಲೆ ಚಿಕ್ಕಪ್ಪನ ಮಗಳ ಮದ್ವೆ. ನಾನು ಅವ್ಳು ಒಂದೇ ತಟ್ಟೇಲಿ ಉಂಡೋರು. ಅವ್ಳ ಮದ್ವೇಲಿ ನಾನು ಕಳಸಗಿತ್ತಿ, ನನ್ ಮದ್ವೇಲಿ ಅವ್ಳು, ಅಂತ ಲಂಗ ಆಕ್ತಿದ್ದಾಗ್ಲೇ ಮಾತಾಗದೆ.”

ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಜೊತೆ ಕಳಸ ಹಿಡಿದು ನಡೆಯುವವಳು ಕಳಸಗಿತ್ತಿ. ಅಕ್ಕ ತಂಗಿಯರಿಗೇ ಆ ಪಟ್ಟ. ಆ ಹುಡುಗಿಗೆ ಒಡಹುಟ್ಟಿದವರಿಲ್ಲ, ಇದ್ದದ್ದು ಇವಳೊಬ್ಬಳೇ. ಇವಳು ಹೋಗದಿದ್ದರೆ ಕಳಸ ಯಾರೋ ದೂರದ ಸಂಬಂಧದವಳ ಕೈಗೆ ಹೋಗುತ್ತದೆ. ಇವಳು ಗೋಡೆಯ ಈಚೆ ಕೂತು ವಾಲಗ ಕೇಳಬೇಕು.

“ಅಪ್ಪನಿಗೆ ಹೇಳು.”

“ಅಪ್ಪ ಏನಂತದೆ ಗೊತ್ತಾ? ನಾನು ಬೇಕಾರೆ ಬತ್ತೀನಿ ಕಣವ್ವಾ, ಸತ್ತೋರ್ ಮಾತು ಮೀರಕ್ಕಾಯ್ತದಾ ಅಂತದೆ. ನೀನು ಕ್ಲಾಸಲ್ಲಿ ಭಾಷ್ಣ ಬಿಗ್ದಲ್ಲ, ದೆವ್ವನ್ನ ಪರೀಕ್ಷೆ ಮಾಡ್ಬೇಕು ಅಂತ. ಬಾ, ಮಾಡು.”

ನನಗೆ ಬೇಕಾದದ್ದೂ ಅದೇ. ದೆವ್ವ, ಮೈಮೇಲೆ ಬರುವುದು, ಇವೆಲ್ಲ ಅಪ್ಪಟ ನಟನೆ ಅಂತ ವೇದಿಕೆಗಳ ಮೇಲೆ ಎಷ್ಟೋ ಸಲ ಗುಡುಗಿದ್ದೆ. ಎದುರಿಗೆ ಒಂದು ದೆವ್ವ ಇದ್ದಾಗ ಗುಡುಗಿದ್ದು ಮಾತ್ರ ಇಲ್ಲವೇ ಇಲ್ಲ. ಬಸ್ಸು ಬರುವಷ್ಟರಲ್ಲಿ ಯೋಜನೆ ಸಿದ್ಧವಾಯಿತು. ತಾತನಿಗೆ ಬದುಕಿದ್ದಾಗ ಯಾವುದು ಆಗುತ್ತಿರಲಿಲ್ಲ ಅಂತ ಕೇಳಿದೆ.

“ಮೊಟ್ಟೆ. ವಾಸ್ನೆ ಬಂದ್ರೂ ತಟ್ಟೆ ಬುಟ್ಟು ಎದ್ದೋಗೋರು.”

“ಎಡೆಗೆ ಮೊಟ್ಟೆ ಇಡು. ಅಜ್ಜಿ ಮೈಮೇಲೆ ಬಂದವರು ಅದನ್ನ ತಳ್ಳಿದರೆ ತಾತ. ತಿಂದರೆ ನಾಟಕ.”

“ಅಪ್ಪ ನೋಡಿದ್ರೆ?”

“ನೋಡಲಿ. ನಾಟಕ ಆಡಿಸೋದೇ ನೋಡೋರು ಇರಲಿ ಅಂತ.”

ಪಿತೃಪಕ್ಷದ ದಿನ ಮಧ್ಯಾಹ್ನ ಊಟದ ನೆಪದಲ್ಲಿ ಅವರ ಮನೆಗೆ ಹೋದೆ. ಆ ಹಬ್ಬಕ್ಕೆ ಯಾರ ಮನೆಗೆ ಯಾರು ಹೋದರೂ ಯಾಕೆ ಬಂದೆ ಅಂತ ಕೇಳುವುದಿಲ್ಲ, ಎಲೆ ಹಾಕುತ್ತಾರೆ. ನಡುಮನೆಯಲ್ಲಿ ತಾತನ ಫೋಟೋ, ಅದರ ಮುಂದೆ ಹೊಸ ಪಂಚೆ ಟವೆಲ್, ಬಾಳೆಲೆ ತುಂಬ ಮುದ್ದೆ, ಮಟನ್ನು, ಕಜ್ಜಾಯ, ಚಕ್ಕುಲಿ, ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಒಂದು ಚಿಕ್ಕ ಬಾಟಲಿ ಬ್ರಾಂದಿ. ಎಡೆ ಬಡಿಸುವ ಕೆಲಸ ಗೆಳತಿ ವಹಿಸಿಕೊಂಡಿದ್ದಳು. ಮಟನ್ ತುಂಡುಗಳ ನಡುವೆ ಸಿಪ್ಪೆ ತೆಗೆದ ಮೊಟ್ಟೆಯೊಂದು, ತನಗೂ ಇದಕ್ಕೂ ಸಂಬಂಧವಿಲ್ಲ ಎನ್ನುವ ಹಾಗೆ, ಬೆಳ್ಳಗೆ ಕೂತಿತ್ತು.

ಸತ್ತವರು ಉಣ್ಣಲಿ ಎಂದು ಎಲ್ಲರೂ ಹೊರಗೆ ಬಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚಿದರು. ಜಗುಲಿಯ ಮೇಲೆ ನಿಂತಾಗ ಗೋಡೆಯಾಚೆಯ ಮಿಕ್ಸಿ ಸದ್ದು ಕೇಳುತ್ತಿತ್ತು. ಅಲ್ಲೂ ಅದೇ ತಾತನಿಗೆ ಬೇರೆ ಎಡೆ. ಬಾಗಿಲು ತೆರೆದು ಒಳಗೆ ಹೋಗಿ ಕೈಮುಗಿಯುವಷ್ಟರಲ್ಲಿ ಅಜ್ಜಿ ಒಂದು ನಿಟ್ಟುಸಿರು ಬಿಟ್ಟರು. ತುರುಬು ಬಿಚ್ಚಿತು. ಎಡೆಯ ಮುಂದೆ ಕೂತು ಬಲಮಂಡಿಯನ್ನು ಉಜ್ಜತೊಡಗಿದರು. “ತಾತ ಅಂಗೇ ಉಜ್ಜೋರು” ಎಂದು ಗೆಳತಿ ನನ್ನ ಕಿವಿಯಲ್ಲಿ ಅಂದಳು. ಮಂಡಿ ಉಜ್ಜುವುದು ಪುರಾವೆಯಾಗುವುದಿಲ್ಲ ಅಂದೆ.

“ಅಪ್ಪಾ, ತೃಪ್ತಿ ಆಯ್ತಾ?” ಅಂತ ಗೆಳತಿಯ ಅಪ್ಪ ಕೈಮುಗಿದು ಕೇಳಿದರು.

ಅಜ್ಜಿ ಎಲೆಯನ್ನೊಮ್ಮೆ ನೋಡಿದರು. ಕೈ ಮುದ್ದೆಯ ಮೇಲೆ ಹೋಯಿತು, ಮಟನ್ನಿನ ಮೇಲೆ ಹೋಯಿತು, ನಿಂತಿತು. ಮೊಟ್ಟೆಯನ್ನು ಎತ್ತಿಕೊಂಡು ಇಡಿಯಾಗಿ ಬಾಯಿಗೆ ಹಾಕಿಕೊಂಡರು.

ಗೆಳತಿಯ ಅಪ್ಪ ಎಲೆಯ ಕಡೆ ಬಗ್ಗಿ ನೋಡಿದರು. “ಎಡೆಗೆ ಮೊಟ್ಟೆ ಇಕ್ಕಿದ್ದು ಯಾರ್ಲಾ?”

ನಾನು ಮುಂದೆ ಬಂದೆ. ತೀರ್ಪುಗಾರರ ಕಡೆ ತಿರುಗುವ ಅಭ್ಯಾಸಕ್ಕೆ ಫೋಟೋದ ಕಡೆ ತಿರುಗಿ, ಆಮೇಲೆ ಅಜ್ಜಿಯ ಕಡೆ ತಿರುಗಿದೆ. “ತಾತ ಬದುಕಿದ್ದಾಗ ಮೊಟ್ಟೆ ಮುಟ್ಟುತ್ತಿರಲಿಲ್ಲವಂತೆ. ಈಗ ತಿಂದಿರಲ್ಲ?”

ಅಜ್ಜಿ ಅಗಿಯುತ್ತಲೇ ಇದ್ದರು. ನುಂಗಿದ ಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಓದ್ದೋಳಾ ನೀನು?”

“ಹೂಂ.”

“ಬದುಕಿದ್ದಾಗ ತಿಂತಿರ್ನಿಲ್ಲ ಕಣವ್ವಾ. ಬದುಕಿದ್ದಾಗ ಒಂದೊಂದುಕ್ಕೂ ಅಟ. ಅದು ಬ್ಯಾಡ, ಇದು ಬ್ಯಾಡ, ಅವ್ನು ಬ್ಯಾಡ. ಸತ್ ಮ್ಯಾಕೆ ಅದುನ್ನೆಲ್ಲ ಒತ್ಕೊಂಡು ಓಡಾಡಕ್ಕಾಯ್ತದಾ? ಅಲ್ಲೇ ಬುಟ್ಟು ಬಂದೆ.”

ನನ್ನ ವಾದ ಅಲ್ಲಿಗೆ ಸತ್ತಿತು. ತಳ್ಳಿದರೆ ತಾತ, ತಿಂದರೆ ನಾಟಕ ಎಂಬ ಎರಡೇ ಬಾಗಿಲು ಇಟ್ಟಿದ್ದೆ, ಅವರು ಗೋಡೆಯಲ್ಲೇ ಮೂರನೆಯದನ್ನು ಕೊರೆದು ಹೊರಗೆ ನಡೆದಿದ್ದರು. ಅಷ್ಟರಲ್ಲಿ ಗೆಳತಿ ನನ್ನನ್ನು ಪಕ್ಕಕ್ಕೆ ಸರಿಸಿ, ಎಲೆಯ ಮುಂದೆ ಮಂಡಿಯೂರಿದಳು.

“ತಾತಾ, ಅಟ ಎಲ್ಲಾ ಅಲ್ಲೇ ಬುಟ್ಟು ಬಂದೆ ಅಂದ್ಯಲ್ಲ. ಚಿಕ್ಕಪ್ಪನ ಮ್ಯಾಲಿಂದೂ ಬುಟ್ಟಿದ್ದೀಯ ತಾನೇ?”

“ಏ ಅಮ್ಮಿ, ಸುಮ್ಕಿರು!” ಅಂದರು ಅಪ್ಪ.

“ಕೇಳ್ತಿರೋದು ತಾತನ್ನ. ನಿನ್ನಲ್ಲ.”

ಚರ್ಚೆಯ ಮೊದಲ ಪಾಠವೇ ಅದು. ಎದುರಿನವರು ಬಾಯಿಬಿಟ್ಟು ಒಪ್ಪಿದ್ದನ್ನು ಹಿಡಿದುಕೋ, ಬಿಡಬೇಡ. ನಾನದನ್ನು ತರಬೇತಿಯಲ್ಲಿ ಕಲಿತಿದ್ದೆ. ಇವಳಿಗೆ ಯಾರು ಹೇಳಿಕೊಟ್ಟರೋ. ನಾನು ದೆವ್ವವನ್ನು ಸುಳ್ಳು ಮಾಡಲು ಹೊರಟಿದ್ದೆ. ಇವಳು ದೆವ್ವವನ್ನು ಒಪ್ಪಿಕೊಂಡೇ ಮೂಲೆಗೆ ಒತ್ತಿದ್ದಳು.

ಅಜ್ಜಿ ಮಂಡಿ ಉಜ್ಜುವುದನ್ನು ನಿಲ್ಲಿಸಿದರು. ಗೋಡೆಯ ಕಡೆ ನೋಡಿದರು. ಆಚೆ ಮಿಕ್ಸಿಯೂ ನಿಂತಿತ್ತು. ನನಗೆ ಆಗ ಹೊಳೆಯಿತು, ಆ ಕಟ್ಟಪ್ಪಣೆ ಹೊರಟ ಬಾಯಿ ಯಾರದೇ ಆಗಿರಲಿ, ಅದರಿಂದ ಈ ಅಜ್ಜಿಗೂ ಅರ್ಧ ತವರು ಮುಚ್ಚಿಹೋಗಿತ್ತು.

“ಮೊಟ್ಟೇನೇ ತಿಂದೋನು ಕಿರೀಮಗನ ಮನೆ ನೀರು ಬ್ಯಾಡ ಅಂದೇನಾ? ಎಡೆ ಅನ್ನ ಆ ಮನೆಗೂ ಓಗ್ಲಿ. ಮಗಿ ಕಳಸ ಎತ್ಲಿ.” ಇಷ್ಟು ಹೇಳಿ ದೊಡ್ಡದಾಗಿ ಆಕಳಿಸಿದರು. ತಾತ ಹೊರಟುಹೋದರು. ಅಜ್ಜಿ ತುರುಬು ಕಟ್ಟಿಕೊಳ್ಳುತ್ತಾ, “ಏನಾಯ್ತ್ರೋ, ಎಲ್ಲಾ ಇಂಗೆ ನಿಂತಿದ್ದೀರಿ?” ಅಂತ ಕೇಳಿದರು.

ಗೆಳತಿಯ ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು, “ಧೂಪದ ಹೊಗೆ ಜಾಸ್ತಿ ಆಯ್ತು” ಅಂದರು. ಧೂಪ ಆರಿ ಬಹಳ ಹೊತ್ತಾಗಿತ್ತು. ಎಡೆ ಅನ್ನದ ಪಾತ್ರೆ ಹಿಡಿದು ಗೋಡೆ ಸುತ್ತಿಕೊಂಡು ಮೊದಲು ಆಚೆ ಮನೆಗೆ ಹೋದವರು ಅಜ್ಜಿ. ಚಪ್ಪಲಿ ಕೂಡ ಹಾಕಿಕೊಳ್ಳಲಿಲ್ಲ.

ಮುಂದಿನ ವಾರ ತರಗತಿಯಲ್ಲಿ ಅದೇ ಪ್ರಶ್ನೆಗೆ ಮೇಡಂ ಉತ್ತರ ಬರೆಸಿದರು. ಗೆಳತಿ ಬರೆದದ್ದು ಚಿಕ್ಕದಾಗಿತ್ತು: ರಾಜಕುಮಾರ ತಡ ಮಾಡಿದ್ದು ತಪ್ಪಲ್ಲ, ಆ ತಡದಲ್ಲಿ ದೆವ್ವದ ಜೊತೆ ಕೂತು ಮಾತಾಡದೆ ಇದ್ದದ್ದು ತಪ್ಪು. ಮೇಡಂ ಅದನ್ನು ಗಟ್ಟಿಯಾಗಿ ಓದಿ, “ಮಾತಾಡಿದ್ದರೆ ಕೊನೇ ಅಂಕದಲ್ಲಿ ಏನಾಗುತ್ತಿತ್ತು?” ಅಂತ ಕೇಳಿದರು. “ಎಲ್ಲಾ ಊಟಕ್ಕೆ ಕೂರೋರು ಮೇಡಂ” ಅಂದಳು.

ದೀಪಾವಳಿ ಕಳೆದ ಮೇಲೆ ಮದುವೆ ಆಯಿತು. ಗೆಳತಿ ಹಸಿರು ರೇಷ್ಮೆ ಸೀರೆಯಲ್ಲಿ, ಎರಡು ಕೈಯಲ್ಲೂ ಕಳಸ ಹಿಡಿದು, ಅದರೊಳಗೆ ಇಡೀ ಕಬಿನಿ ತುಂಬಿದೆಯೇನೋ ಎನ್ನುವಷ್ಟು ಜೋಪಾನವಾಗಿ ನಡೆದಳು. ಎರಡು ದಿನ ಬಿಟ್ಟು ಚಿಕ್ಕಪ್ಪನ ಮನೆಯ ಮುಂದೆ ಶಾಮಿಯಾನ ಹಾಕಿ ಬೀಗರ ಊಟ. ನನಗೆ ಅಜ್ಜಿಯ ಪಕ್ಕದ ಎಲೆ ಸಿಕ್ಕಿತು. ಮುದ್ದೆ ಬಂತು, ಮಟನ್ ಬಂತು, ಬಡಿಸುವವನು ಎಲೆಗೊಂದರಂತೆ ಬೇಯಿಸಿದ ಮೊಟ್ಟೆ ಇಡುತ್ತಾ ಬಂದ.

ಅಜ್ಜಿ ತಮ್ಮ ಮೊಟ್ಟೆಯನ್ನು ಎರಡೇ ಬೆರಳಲ್ಲಿ ಎತ್ತಿ ನನ್ನ ಎಲೆಗೆ ಹಾಕಿದರು.

“ನೀನ್ ತಿನ್ನು ಮಗ. ನಂಗೆ ಮೊಟ್ಟೆ ಆಗಕ್ಕಿಲ್ಲ. ಚಿಕ್ಕೋಳಿದ್ದಾಗ್ಲಿಂದ್ಲೂ ಅಷ್ಟೆ, ವಾಸ್ನೆ ಬಂದ್ರೆ ವಾಕರ್ಕೆ.”

ಪರೀಕ್ಷೆ ಇಟ್ಟ ನಾನು ಕೇಳಬೇಕಾಗಿದ್ದ ಒಂದೇ ಒಂದು ಪ್ರಶ್ನೆಯನ್ನು ಕೇಳಿರಲಿಲ್ಲ. ತಾತನಿಗೂ ಆಗದು, ತಂಗಿಗೂ ಆಗದು. ಹಾಗಾದರೆ ಅವತ್ತು ಇಡಿಯಾಗಿ ಬಾಯಿಗೆ ಹಾಕಿಕೊಂಡವರು ಯಾರು? ಬಾಯಿ ತೆರೆದೆ. ಎದುರು ಸಾಲಿನಲ್ಲಿ ಗೆಳತಿ ಮದುಮಗಳ ಎಲೆಯಿಂದ ಚಕ್ಕುಲಿ ಕದಿಯುತ್ತಿದ್ದಳು. ಅವಳ ಅಪ್ಪ, ಚಿಕ್ಕಪ್ಪ ಒಂದೇ ಕೊಳಗ ಹಿಡಿದು ಸಾರು ಬಡಿಸುತ್ತಾ, ಉಪ್ಪು ಹೆಚ್ಚೋ ಕಮ್ಮಿಯೋ ಅಂತ ಜಗಳವಾಡುತ್ತಿದ್ದರು.

ಎದುರಾಳಿಯ ಮಾತಿಗೆ ಉತ್ತರ ಸಿಗದಿದ್ದರೆ ನಿಧಾನವಾಗಿ ನೀರು ಕುಡಿಯಬೇಕು, ಯೋಚನೆಗೆ ಸಮಯ ಸಿಗುತ್ತದೆ ಎಂದು ನಮಗೆ ಚರ್ಚಾಸ್ಪರ್ಧೆಗೆ ತರಬೇತಿ ಕೊಟ್ಟ ಮೇಷ್ಟ್ರು ಹೇಳುತ್ತಿದ್ದರು. ಕಿರಿಯೋನ ಮನೆಯ ನೀರು ಲೋಟದಲ್ಲಿ ಮುಂದೆಯೇ ಇತ್ತು. ಕುಡಿದೆ. ಆಮೇಲೆ ಎರಡು ಮೊಟ್ಟೆಯನ್ನೂ ತಿಂದೆ.