ಮೂರನೆಯ ಸಾಲಿಗೆ ಇಳಿಸಿದ ಹೆಸರು

ಇದನ್ನು ಮೊದಲ ಸಲ ಬರೆದಾಗ ನನ್ನ ಬೆರಳು ಜಾರಿತು ಎಂದು ಬರೆದಿದ್ದೆ. ಎರಡನೆಯ ಸಲ, ಸಂಜೆಯಾಗಿತ್ತು, ಕರೆಂಟು ಹೋಗಿತ್ತು, ಕಣ್ಣು ಕಾಣಲಿಲ್ಲ ಎಂದು ಸೇರಿಸಿದೆ. ಎರಡನ್ನೂ ಹರಿದು ಹಾಕಿದ್ದೇನೆ. ಬೆರಳು ಜಾರಿರಲಿಲ್ಲ. ಆಗ ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತೆರಡು ನಿಮಿಷವಾಗಿತ್ತು. ಇದನ್ನು ನೆನಪಿನಿಂದ ಹೇಳುತ್ತಿಲ್ಲ. ನನ್ನ ನೆನಪು ಈಗಲೂ ಸಂಜೆ ಎಂದೇ ಹಟ ಹಿಡಿಯುತ್ತದೆ.

ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಎದುರಿನ ಗಲ್ಲಿಯಲ್ಲಿ ನನ್ನದೊಂದು ಪ್ರೆಸ್ ಇದೆ. ಲಗ್ನದ ಕಾರ್ಡೇ ನಮ್ಮ ಮುಖ್ಯ ಕೆಲಸ. ನಮ್ಮ ಕಡೆ ಕಾರ್ಡಿನಲ್ಲಿ ವಧೂವರರ ಹೆಸರು ಎರಡೇ ಸಾಲು. ಉಳಿದದ್ದೆಲ್ಲ ಆಹ್ವಾನಿಸುವವರು: ದೊಡ್ಡಪ್ಪಂದಿರು, ಚಿಕ್ಕಪ್ಪಂದಿರು, ಅಳಿಯಂದಿರು, ಸೋದರಮಾವಂದಿರು. ಕಾರ್ಡು ಕೈಗೆ ಬಂದವರು ಮುಹೂರ್ತ ನೋಡುವುದಿಲ್ಲ, ನಿಂತಲ್ಲೇ ತಮ್ಮ ಹೆಸರು ಹುಡುಕುತ್ತಾರೆ. ಯಾರ ಕೆಳಗೆ ಯಾರು ಎಂಬುದು ತಪ್ಪಿದರೆ ಲಗ್ನಕ್ಕೇ ಬರುವುದಿಲ್ಲ. ಅದಕ್ಕಾಗಿ ನಾನು ಅಚ್ಚು ಹಾಕಿದ ಪ್ರತಿ ಮನೆಯ ಕಾರ್ಡಿನ ಒಂದು ಪ್ರತಿಯನ್ನು ಬೀರುವಿನಲ್ಲಿಡುತ್ತಿದ್ದೆ. ಮುಂದಿನ ಮದುವೆಗೆ ಅದನ್ನು ತೆಗೆದರೆ ಆ ಮನೆಯ ಹಿರಿಕಿರಿಯರೆಲ್ಲ ಅಲ್ಲಿ ಸಾಲಾಗಿ ನಿಂತಿರುತ್ತಿದ್ದರು. ಕೂಡ್ಲಿಗಿಯಿಂದ, ಹಗರಿಬೊಮ್ಮನಹಳ್ಳಿಯಿಂದ ಜನ ಬರುತ್ತಿದ್ದುದು ನನಗಾಗಿ ಎಂದು ನಾನು ತಿಳಿದಿದ್ದೆ. ಅವರು ಬರುತ್ತಿದ್ದುದು ಬೀರುವಿಗಾಗಿ.

ನಮ್ಮ ಗಲ್ಲಿಯ ಮೆಕ್ಯಾನಿಕ್ ಸಾಹೇಬರ ಮಗಳು ನಾಲ್ಕು ವರ್ಷ ನನ್ನಲ್ಲಿ ಟೈಪಿಂಗ್ ಮಾಡಿದಳು. ಲಿಂಗೈಕ್ಯರಾದವರ ಹೆಸರಿನ ಮುಂದೆ ಏನು ಹಾಕಬೇಕು, ಬೀಗರ ಹೆಸರು ಎಲ್ಲಿ ಶುರುವಾಗಬೇಕು, ಎಲ್ಲವನ್ನೂ ನಾನೇ ಹೇಳಿಕೊಟ್ಟೆ. ನಮ್ಮ ತಾಲೂಕಿನದೇ ಅರಸೀಕೆರೆಗೆ ಮದುವೆಯಾಗಿ ಹೋದ ಮೇಲೆ ಮನೆಯಲ್ಲೇ ಕೂತು ಕಾರ್ಡು ತಯಾರಿಸತೊಡಗಿದಳು. ಒಂದು ಲಿಂಕ್ ಕಳಿಸುತ್ತಾಳೆ. ಹಡಗಲಿಯಲ್ಲಿರುವವರು, ಪುಣೆಯಲ್ಲಿರುವವರು ಒಂದೇ ಹಾಳೆಯನ್ನು ಒಟ್ಟಿಗೆ ತೆರೆದು ತಮ್ಮ ತಮ್ಮ ಹೆಸರನ್ನು ತಾವೇ ತಿದ್ದುತ್ತಾರೆ.

ಒಮ್ಮೆ ಆ ಊರಿಗೆ ಹೋದವನು ಅವಳ ಮನೆಗೂ ಹೋದೆ. ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್, ಒಂದು ನೀರಿನ ತಂಬಿಗೆ. ಅಷ್ಟೇ. ಹಳೆಯ ಕಾರ್ಡುಗಳನ್ನೆಲ್ಲ ಎಲ್ಲಿಟ್ಟಿದ್ದೀಯವ್ವಾ ಎಂದು ಕೇಳಿದೆ.

“ಮ್ಯಾಲ ಅದಾವ್ರಿ ಅಣ್ಣಾ” ಎಂದಳು.

ಇಂಟರ್ನೆಟ್ಟಿನಲ್ಲಿಟ್ಟದ್ದಕ್ಕೆ ಕ್ಲೌಡ್ ಎಂಬ ಮಾತನ್ನು ನಮ್ಮಲ್ಲಿ ಯಾರೂ ಆಡುವುದಿಲ್ಲ. ಮೆಕ್ಕೆಜೋಳದ ವ್ಯಾಪಾರಿಯ ತೂಕದ ಚೀಟಿ ‘ಮ್ಯಾಲ ಐತಿ’, ಶಾಲೆಯ ಹಾಜರಿ ‘ಮ್ಯಾಲ ಐತಿ’. ಎಲ್ಲಿ ಎಂದು ಕೇಳಿದರೆ ಹೇಳಿದವರಿಗೂ ಗೊತ್ತಿಲ್ಲ. ಅವತ್ತು ಅಂಗಡಿಗೆ ಬಂದು ಬೀರು ತೆರೆದೆ. ಕೆಳಗಿನ ಖಾನೆಗೆ ಗೆದ್ದಲು ಹಿಡಿದಿತ್ತು. ಅವಳ ಗಿರಾಕಿಗಳ ಮೇಲೆ ನನಗೆ ಅಷ್ಟು ಹೊಟ್ಟೆಕಿಚ್ಚಿರಲಿಲ್ಲ. ಆ ಖಾಲಿ ಮೇಜು ಮಾತ್ರ ಎದೆಯಲ್ಲಿ ಕೂತುಬಿಟ್ಟಿತು. ಧೂಳು ಒರೆಸದೆ, ನುಸಿಗುಳಿಗೆ ಇಡದೆ, ಯಾವ ಮನೆಯ ಯಾವ ಮುದುಕ ಯಾರಿಗಿಂತ ಹಿರಿಯ ಎಂದು ತಲೆಯಲ್ಲಿ ಹೊತ್ತು ತಿರುಗದೆ ಅವಳು ಆರಾಮಾಗಿ ಕೂತಿದ್ದಳು.

ಆಮೇಲೆ ಕೊಟ್ಟೂರಿನ ನನ್ನ ಅಕ್ಕನ ಮಗಳ ಲಗ್ನ ಗೊತ್ತಾಯಿತು. ಸೋದರಮಾವ ನಾನೇ, ಪ್ರೆಸ್ಸಿನವನೂ ನಾನೇ. ಅಕ್ಕ ಹೆಸರುಗಳ ಪಟ್ಟಿ ಹಿಡಿದು ಬರುತ್ತಾಳೆಂದು ಕಾದೆ. ಒಂದು ಬೆಳಿಗ್ಗೆ ಮನೆಯವರ ಗ್ರೂಪಿನಲ್ಲಿ ಲಿಂಕ್ ಬಂತು. ಅರಸೀಕೆರೆಯ ಆ ಹುಡುಗಿಯದು. ಫೋನ್ ಮಾಡಿದೆ. ಪ್ರೆಸ್ಸಿನ ಮಾತನ್ನೇ ಎತ್ತದೆ, ಬೀರುವಿನಲ್ಲಿ ನಿಮ್ಮ ಮನೆಯ ಹಳೆಯ ಕಾರ್ಡು ಇದೆಯಲ್ಲ ಎಂದೆ.

“ಲೇ ತಮ್ಮ, ನಿನ್ನ ಬೀರು ನೋಡಾಕ ನಾ ಎಷ್ಟು ಸಲ ಬಸ್ ಹತ್ತಲಿ? ಈಗ ಎಲ್ಲಾರೂ ಕುಂತಲ್ಲೇ ನೋಡ್ತಾರ. ನಿನ್ನ ಹೆಸರೂ ಐತಿ, ನೋಡ್ಕ್ಯಾ ಹೋಗು.”

ಲಿಂಕ್ ತೆರೆದು, ನನ್ನ ಹೆಸರು ನೋಡಿದ ತಕ್ಷಣ ಪುಟ ಸರಿಸುವುದನ್ನು ನಿಲ್ಲಿಸಿದೆ. ಅದು ಸರಿಯಾದ ಜಾಗದಲ್ಲೇ ಇತ್ತು. ಹಾಳೆಯ ಮೇಲೆ ಬಣ್ಣಬಣ್ಣದ ಸಣ್ಣ ಗೆರೆಗಳು ಓಡಾಡುತ್ತಿದ್ದವು. ಒಬ್ಬೊಬ್ಬ ನೆಂಟನಿಗೆ ಒಂದೊಂದು ಗೆರೆ. ಹಗರಿಬೊಮ್ಮನಹಳ್ಳಿಯವರು ಒಂದು ಇನಿಶಿಯಲ್ ತಿದ್ದಿದರು, ಹಡಗಲಿಯವರು ಅಳಿಯನ ಹೆಸರು ಸೇರಿಸಿದರು. ಜಗಳವಿಲ್ಲ, ಮುನಿಸಿಲ್ಲ. ನನ್ನ ಅಂಗಡಿಯಲ್ಲಾಗಿದ್ದರೆ ಇದಕ್ಕೆ ಮೂರು ದಿನ, ನಾಲ್ಕು ಸಲ ಚಹಾ ಬೇಕಿತ್ತು.

ಪಟ್ಟಿಯ ಮೊದಲ ಸಾಲಿನಲ್ಲಿ ಅಕ್ಕನ ಗಂಡನ ಅಣ್ಣನ ಹೆಸರಿತ್ತು. ಹಡಗಲಿಯವರು. ಹಿಂದೊಂದು ಲಗ್ನದ ಕಾರ್ಡಿನಲ್ಲಿ ಅವರ ಹೆಸರು ಮೂರನೆಯ ಸಾಲಿಗೆ ಬಿದ್ದಿತ್ತೆಂದು ಪಂಕ್ತಿಯಲ್ಲಿ ಎಲೆ ಬಿಟ್ಟು ಎದ್ದುಹೋಗಿದ್ದರು. ಆ ಕಾರ್ಡು ನನ್ನ ಪ್ರೆಸ್ಸಿನದು. ತಪ್ಪು ಆ ಲಗ್ನದ ಮನೆಯವರದು ಎಂದು ನಾನು ಎಲ್ಲರಿಗೂ ಹೇಳಿದೆ. ಎಷ್ಟು ಸಲ ಹೇಳಿದೆನೆಂದರೆ ಈಗ ನನಗೂ ಹಾಗೇ ನೆನಪಿದೆ.

ಬುಧವಾರ ಅದೇ ಹೆಸರನ್ನು ಮತ್ತೆ ಮೂರನೆಯ ಸಾಲಿಗೆ ಇಳಿಸಿದೆ. ಯಾರೂ ಗಮನಿಸದೆ ಅಚ್ಚಾಗಲಿ, ಹಿರಿಯರು ಸಿಟ್ಟಾಗಲಿ, ‘ಸಾಬರ ಹುಡುಗಿಗೆ ನಮ್ಮ ಪದ್ಧತಿ ಏನ್ ಗೊತ್ತು’ ಎಂದು ನಾಲ್ಕು ಜನ ಅನ್ನಲಿ ಎಂದುಕೊಂಡೆ. ಈ ಕೊನೆಯ ಮಾತನ್ನು ಹಿಂದಿನ ಎರಡೂ ಸಲ ಬರೆದಿರಲಿಲ್ಲ. ಆ ಹುಡುಗಿಗೆ ಪದ್ಧತಿ ಕಲಿಸಿದವನೇ ನಾನು.

ಶುಕ್ರವಾರ ಲಿಂಕ್ ತೆರೆದರೆ ಹೆಸರು ಮತ್ತೆ ಮೇಲಕ್ಕೆ ಹೋಗಿತ್ತು. ಅವಳೇ ಸರಿಮಾಡಿರಬೇಕೆಂದು ಎರಡು ದಿನ ಒಳಗೊಳಗೇ ಬೆಂದೆ. ತಡೆಯಲಾಗದೆ ಫೋನ್ ಮಾಡಿ, ಯಾರದೋ ಹೆಸರು ಹಿಂದೆಮುಂದೆ ಆಗಿತ್ತಂತಲ್ಲ ಎಂದೆ.

“ನಾ ಮುಟ್ಟಿಲ್ರಿ ಅಣ್ಣಾ. ನಾ ನೋಡೋದ್ರೊಳಗ ಸರಿ ಆಗಿತ್ತು” ಎಂದಳು. “ಯಾರು ಯಾವಾಗ ಏನ್ ತಿದ್ಯಾರ ಅನ್ನೋದು ಅದರಾಗ ಇರತೈತ್ರಿ. ನೋಡ್ರಿ ಬೇಕಂದ್ರ.” ಎಲ್ಲಿ ಒತ್ತಬೇಕೆಂದೂ ಹೇಳಿದಳು. ಅವಳ ದನಿಯಲ್ಲಿ ನಗುವಿತ್ತೆಂದು ನನಗೆ ನೆನಪು. ಇಲ್ಲದಿದ್ದಿರಲೂಬಹುದು.

ಅಂಗಡಿಯ ಕಂಪ್ಯೂಟರಿನಲ್ಲಿ ಒತ್ತಿದೆ. ಬುಧವಾರ, ಹನ್ನೊಂದು ನಲವತ್ತೆರಡು, ನನ್ನ ಹೆಸರು. ಗುರುವಾರ ಬೆಳಿಗ್ಗೆ, ಅಕ್ಕನ ಹೆಸರು. ಅಕ್ಕ ಅಂಗನವಾಡಿ ಶಿಕ್ಷಕಿ. ಮಕ್ಕಳ ತೂಕ, ಎತ್ತರವನ್ನೆಲ್ಲ ವರ್ಷಗಳಿಂದ ಫೋನಿಗೆ ತುಂಬುತ್ತಾ ಬಂದವಳು. ಇಂಥದ್ದನ್ನು ಓದಲು ಅವಳಿಗೆ ಬರುತ್ತದೆ ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ.

ಗುರುವಾರ ಅಕ್ಕ ಎರಡು ಕಡೆ ಕೈ ಆಡಿಸಿದ್ದಳು. ಒಂದು, ಭಾವನ ಅಣ್ಣನ ಹೆಸರನ್ನು ಮೇಲಕ್ಕೇರಿಸಿದ್ದು. ಇನ್ನೊಂದು ಕಾರ್ಡಿನ ತೀರ ಕೆಳಗೆ, ಅಚ್ಚು ಹಾಕಿದವರ ಹೆಸರಿರುವ ಸಣ್ಣ ಅಕ್ಷರದ ಸಾಲಿನಲ್ಲಿ. ನನ್ನ ಹೆಸರು ಕಂಡೊಡನೆ ಓದು ನಿಲ್ಲಿಸಿದ್ದ ನಾನು ಅಲ್ಲಿಯವರೆಗೆ ಹೋಗಿಯೇ ಇರಲಿಲ್ಲ. ಬುಧವಾರದ ತನಕ ಆ ಸಾಲಿನಲ್ಲಿ ನನ್ನ ಪ್ರೆಸ್ಸಿನ ಹೆಸರಿತ್ತು. ಆ ಹುಡುಗಿ ಮೊದಲ ದಿನವೇ ಬರೆದಿದ್ದಳು. ಹೆಸರು ಜೋಡಿಸುವುದಷ್ಟೇ ಅವಳ ಕೆಲಸ. ಅಚ್ಚಿಗೆ ಅಕ್ಕನ ಮನೆಯವರು ನನ್ನಲ್ಲಿಗೇ ಬರುವವರಿದ್ದರು. ಗುರುವಾರದಿಂದ ಅಲ್ಲಿ ದಾವಣಗೆರೆಯ ಒಂದು ಪ್ರೆಸ್ಸಿನ ಹೆಸರು.

ಅಕ್ಕ ಏನೂ ಕೇಳಲಿಲ್ಲ. ಲಗ್ನದ ದಿನ ಸೋದರಮಾವ ಎಂದು ನನ್ನನ್ನೇ ಮುಂದೆ ನಿಲ್ಲಿಸಿದಳು, ಪೇಟಾ ಸುತ್ತಿಸಿದಳು. ಹಡಗಲಿಯ ಹಿರಿಯರು ನಗುನಗುತ್ತಾ ಹೋಳಿಗೆ ಬಡಿಸಿಕೊಂಡರು. ಹೊರಡುವಾಗ ಅಕ್ಕನ ಹತ್ತಿರ, ಕಾರ್ಡಿನ ವಿಷಯ ಎಂದು ಬಾಯಿ ತೆರೆದೆ.

“ಕಾರ್ಡ್ ಚಲೋ ಆಗೈತಿ ಬಿಡು” ಎಂದಳು. “ಆ ಹುಡುಗಿ ನಿನ್ನ ಹತ್ರಾನ ಕಲ್ತಿದ್ದಂತ. ಹೇಳ್ತಿದ್ಲು.”

ಲಿಂಕ್ ಇನ್ನೂ ತೆರೆಯುತ್ತದೆ. ಬುಧವಾರ ಬೆಳಿಗ್ಗೆ, ನಾನು ಮುಟ್ಟುವುದಕ್ಕೆ ಮುಂಚಿನ ಹಾಳೆಯೂ ಅಲ್ಲಿದೆ, ಕೆಳಗೆ ನನ್ನ ಪ್ರೆಸ್ಸಿನ ಹೆಸರಿನೊಂದಿಗೆ. ಅದನ್ನು ಮರಳಿ ತರಬೇಕೇ ಎಂದು ಕೇಳುವ ಒಂದು ಗುಂಡಿಯೂ ಪಕ್ಕದಲ್ಲಿದೆ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದನ್ನು ನೋಡುತ್ತಾ ಕೂರುತ್ತೇನೆ. ಒತ್ತಿದರೆ, ಒತ್ತಿದವರು ಯಾರು, ಎಷ್ಟು ಗಂಟೆಗೆ ಎಂಬುದನ್ನೂ ಅಲ್ಲಿ ಅಕ್ಕ ಓದುತ್ತಾಳೆ.