ಬಿಸಿನೀರಿಗೂ ಏಳದ ಮುಳ್ಳು

ಹೆಬ್ಬಾಳದ ಏರು ಹತ್ತುವಾಗ ಬಸ್ಸು ಕುದಿದು ನಿಂತಿತು ಎಂದು ಬರೆದರೆ ಒಳ್ಳೆಯ ಆರಂಭ ಸಿಗುತ್ತದೆ. ಆದರೆ ಅದನ್ನು ನಾನು ನೋಡಿರಲಿಲ್ಲ. ಯಶವಂತಪುರದ ಗ್ಯಾರೇಜಿನಲ್ಲಿ ನಾನಾಗ ಫಿಟ್ಟರ್. ಕಂಡದ್ದು ಮರುದಿನ ಅಲ್ಲಿಗೆ ಎಳೆದು ತಂದ ಬಸ್ಸು, ರೇಡಿಯೇಟರಿನಿಂದ ಸುರಿಯುತ್ತಿದ್ದ ತುಕ್ಕಿನ ನೀರು, ಆ ನೀರಿನೊಳಕ್ಕೇ ಎಲೆಯಡಿಕೆ ಉಗಿಯುತ್ತಿದ್ದ ಬಸ್ಸಿನ ಮಾಲೀಕರು.

"ಇಂಜಿನ್ ಸುಟ್ಟಾಕಿದಾನೆ. ಮೀಟರ್ ನೋಡ್ದೆ ಯಾವಳನ್ನ ನೋಡ್ತಿದ್ದ, ಕೇಳಿ!"

ಆ ಬಸ್ಸಿನ ಡ್ರೈವರ್, ಚಿಕ್ಕಜಾಲದ ಕಡೆಯವನು, ಗೋಡೆಗೆ ಒರಗಿದ್ದ. ನಡುವಯಸ್ಸು. "ಮುಳ್ಳು ಏಳ್ಲೇ ಇಲ್ಲ ಸ್ವಾಮಿ. ಇಂಗೇ ಕೆಳಗೇ ಬಿದ್ದಿತ್ತು."

"ಬಸ್ಸು ಬೇಯ್ತಿತ್ತು, ಮುಳ್ಳು ಮಲಗಿತ್ತಾ? ನಾಳೆಯಿಂದ ಬರ್ಬೇಡ, ಹೋಗು."

ಇಂಜಿನ್ನಿನ ಬಿಸಿ ತೋರಿಸುವ ಆ ಮೀಟರು ಕೆಟ್ಟಿದೆಯೇ ಎಂದು ನೋಡುವುದು ಕಷ್ಟವಲ್ಲ. ಇಂಜಿನ್ನಿನ ನೀರಿನಲ್ಲಿ ಮುಳುಗಿರುವ ಒಂದು ಹಿತ್ತಾಳೆ ಬುಡ್ಡಿ, ಅದರಿಂದ ಮುಳ್ಳಿನವರೆಗೆ ದಾರದಷ್ಟು ಸಣ್ಣ ತಾಮ್ರದ ಕೊಳವೆ, ಒಳಗೆ ಬಿಸಿಗೆ ಉಬ್ಬುವ ದ್ರವ. ಅಷ್ಟೇ. ಬುಡ್ಡಿಯನ್ನು ಬಿಚ್ಚಿ ಕುದಿಯುವ ನೀರಿಗೆ ಅದ್ದಿದೆ. ನೀರಿನ ಮೇಲೆ ಜಿಡ್ಡು ತೇಲಿತು. ಮುಳ್ಳು ಅಲ್ಲಾಡಲಿಲ್ಲ.

"ನೋಡ್ರಿ ಸ್ವಾಮಿ, ನೋಡ್ರಿ!" ಎಂದ ಡ್ರೈವರ್. ಕೆಲಸ ಉಳಿಯಿತು ಎಂದುಕೊಂಡಿರಬೇಕು.

ಕೊಳವೆಯ ಜಾಡು ಹಿಡಿದು ಡ್ಯಾಶ್‌ಬೋರ್ಡಿನ ಅಡಿಗೆ ಕೈ ಹಾಕಿದೆ. ಮೆತ್ತಗಿನದೇನೋ ಬೆರಳಿಗೆ ಅಂಟಿತು. ಕೊಳೆತ ನಿಂಬೆಹಣ್ಣು. ದೃಷ್ಟಿಗೆಂದು ಅಮಾವಾಸ್ಯೆಗೊಂದು ಕಟ್ಟಿ, ಹಳೆಯದನ್ನು ಬಿಚ್ಚದೆ, ಗೊಂಚಲೇ ಆಗಿತ್ತು. ಕಪ್ಪಾದ ಮೆಣಸಿನಕಾಯಿ, ಹುಳು, ಹಸಿರು ಕಿಲುಬು. ಅವನ್ನು ಬಿಗಿದಿದ್ದ ತಂತಿ ಕೊಳವೆಯನ್ನು ಕೊಯ್ದು ಒಳಗಿನ ದ್ರವವೆಲ್ಲ ಸೋರಿಹೋಗಿತ್ತು. ಆ ನಾತ ಖಂಡಿತ ನಿಜ. ಉಳಿದ ವಿವರಗಳಿಗೆ, ಇಷ್ಟು ವರ್ಷಗಳ ಮೇಲೆ, ನಾನು ಜಾಮೀನು ನಿಲ್ಲಲಾರೆ.

ಹೊರಗೆ ಕಟ್ಟಿದರೆ ಬೇರೆ ಬಸ್ಸಿನವರು ಕೀಳುತ್ತಾರೆಂಬ ಗುಮಾನಿಯಿಂದ ಮಾಲೀಕರೇ ತಮ್ಮ ಕೈಯಾರೆ ಒಳಗೆ ಕಟ್ಟುತ್ತಿದ್ದರು. ಡ್ರೈವರ್‌ಗೆ ಮುಟ್ಟಲೂ ಬಿಡುತ್ತಿರಲಿಲ್ಲ. ಗ್ಯಾರೇಜಿಗೆಲ್ಲ ಗೊತ್ತಿದ್ದ ವಿಷಯ.

ಈಗ ಅವರು ಪಂಚೆಯ ತುದಿಯನ್ನು ಮೂಗಿಗೆ ಹಿಡಿದು ಕೇಳಿದರು: "ಯಾವನೋ ಇದನ್ನ ಇಲ್ಲಿ ಕಟ್ಟಿದ್ದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಡ್ರೈವರ್ ಕೈಮುಗಿದ. "ನಾನೇ ಸ್ವಾಮಿ. ತಪ್ಪಾಯ್ತು."

"ಅದೇ ಅಂದ್ಕೊಂಡೆ. ಹೋಗ್ಲಿ, ದೇವ್ರ ಕೆಲ್ಸ ಅಂತ ಬಿಡ್ತಿದೀನಿ. ನಾಳೆ ಹೊತ್ತಿಗ್ ಸರಿಯಾಗಿ ಬಾ."

ಮಾಲೀಕರು ಹೊರಟಮೇಲೆ ಡ್ರೈವರ್ ನನ್ನ ಹತ್ತಿರ ಬಂದು ನಕ್ಕ. "ಬಿಡಪ್ಪ, ನಂದೇನ್ ಓಯ್ತು? ಕೆಲ್ಸ ಐತಲ್ಲ."

ಮಾಲೀಕರನ್ನು ಕಂಡು ಹೇಸಿಗೆಯಾಗಿತ್ತು, ಸರಿ. ಆ ನಗುವಿಗೆ ಇನ್ನೂ ಹೆಚ್ಚಾಯಿತು. ಸೀಮೆಎಣ್ಣೆಯಲ್ಲಿ ಕೈ ಉಜ್ಜುತ್ತ ನಿಂತೆ.