ಭಾವನ ಕತ್ತಿ, ನನ್ನ ಮೀಸೆ

ನನ್ನ ಅಕ್ಕನ ಗಂಡನದು ಕ್ಷೌರದಂಗಡಿ, ಹಿಂದೆಯೇ ಮನೆ. ಸಂಬಂಧಿಕರಿಗೆ ಅಲ್ಲಿ ಕಡೆಯ ಸರದಿ; ಗಿರಾಕಿಗಳೆಲ್ಲ ಎದ್ದುಹೋದ ಮೇಲೆಯೇ ನಮಗೆ ಕುರ್ಚಿ. ಮಾತಿನಲ್ಲಿ ಭಾವನನ್ನು ಮೀರಿಸುವವರಿಲ್ಲ, ಗೊರಕೆಯಲ್ಲಂತೂ ಕೇಳುವುದೇ ಬೇಡ. ಆದರೆ ಈಚೆಗೆ ಹಾಡುಹಗಲೇ ತೂಕಡಿಸತೊಡಗಿದ್ದರು. ಗಿರಾಕಿಯ ತಲೆಗೆ ನೀರು ಚಿಮುಕಿಸುತ್ತ ನಿಂತಲ್ಲೇ ಕಣ್ಣು ಮುಚ್ಚುತ್ತಿದ್ದರು. ಆತ ತೊಯ್ದು ತೊಪ್ಪೆ.

ಒಂದು ಸಂಜೆ ನನ್ನ ಮೀಸೆಯ ಅಂಚು ತೀಡುತ್ತಿದ್ದಾಗ ಅವರಿಗೆ ಕಣ್ಣೆಳೆಯಿತು, ಕತ್ತಿ ಜಾರಿತು. ಎಡಗಡೆಯ ಮೀಸೆ ಪೂರ್ತಿ ಮಾಯ!

“ನಿದ್ದೆ ಎಲ್ಲಿ ಬಂತೋ? ರೆಪ್ಪೆ ಬಡಿದೆ ಅಷ್ಟೆ!” ಎಂದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ಬಿದ್ದದ್ದು ಅವರು, ಮಣ್ಣಾದದ್ದು ನನ್ನ ಮೀಸೆ. ಮೈಯೆಲ್ಲ ಉರಿಯಿತು.

ಅಕ್ಕ ನಗಲಿಲ್ಲ. ಕತ್ತಿ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದಳು. “ಇವತ್ತು ಮೀಸೆ, ನಾಳೆ ಯಾರದಾದ್ರೂ ಕುತ್ತಿಗೆ. ರಾತ್ರಿ ಗೊರಕೆ ಮಧ್ಯೆ ಇವರ ಉಸಿರೇ ನಿಂತುಹೋಗುತ್ತೆ ಕಣೋ. ಮೊಣಕೈಯಲ್ಲಿ ತಿವಿದ್ರೆ ಮತ್ತೆ ಉಸಿರಾಡ್ತಾರೆ. ನಾನೂ ಮಲಗಿಬಿಟ್ರೆ ತಿವಿಯೋರು ಯಾರು?” ನನ್ನ ಸಿಟ್ಟು ಇಳಿದು ಹೆದರಿಕೆ ಹತ್ತಿತು.

ಅಕ್ಕ ಭಾವನನ್ನು ಆಸ್ಪತ್ರೆಗೆ ಎಳೆದೊಯ್ದಳು. ಅಲ್ಲಿ ಡಾಕ್ಟರಮ್ಮ ಒಂದು ರಾತ್ರಿ ಮೈಗೆ ವೈರು ಅಂಟಿಸಿ ಅವರ ನಿದ್ದೆಯನ್ನೇ ಪರೀಕ್ಷಿಸಿದರು. “ನಿದ್ದೇಲಿ ಗಂಟಲು ಮುಚ್ಕೊಂಡು ಉಸಿರು ಕಟ್ಟುತ್ತೆ. ಹೀಗೇ ಬಿಟ್ರೆ ಬಿಪಿ ಏರುತ್ತೆ, ಹೃದಯಕ್ಕೆ ತೊಂದರೆ, ಪಾರ್ಶ್ವವಾಯು ಕೂಡ ಹೊಡೀಬಹುದು” ಎಂದರು. ತೂಕ ಇಳಿಸಬೇಕು, ಮಗ್ಗುಲಾಗಿ ಮಲಗಬೇಕು, ಕುಡಿತ ಕೂಡದು. ಕಾಯಿಲೆ ಹಗುರವಿದ್ದವರಿಗೆ ದವಡೆಯನ್ನು ಮುಂದಕ್ಕೆ ಹಿಡಿಯುವ ಹಲ್ಲಿನ ಅಚ್ಚು ಸಾಕಾಗಬಹುದು, ಕೆಲವರಿಗೆ ಆಪರೇಷನ್ನೂ ಉಂಟು. ಭಾವನಿಗೆ ಮಾತ್ರ ಮಾಸ್ಕಿನೊಳಗೆ ಗಾಳಿ ಒತ್ತುವ ಯಂತ್ರವೇ ಸರಿ.

“ಊರಿನ ಮುಖವೆಲ್ಲ ಹೊಳೆಸೋನಿಗೆ ಮೂಗುದಾರನಾ?” ಎಂದು ಭಾವ ಸಿಡುಕಿದರು.

“ಕತ್ತಿ ಬೇಕೋ ಬೇಡ್ವೋ?” ಎಂದಳು ಅಕ್ಕ. ಭಾವ ಯಂತ್ರವನ್ನು ಮನೆಗೆ ತಂದರು.

ಮೊದಮೊದಲು ನಿದ್ದೆಗಣ್ಣಿನಲ್ಲಿ ಮಾಸ್ಕನ್ನು ಕಿತ್ತೆಸೆಯುತ್ತಿದ್ದರಂತೆ; ಅಳತೆ ಬದಲಿಸಿದ ಮೇಲೆ ಒಗ್ಗಿತು. ಅಲ್ಲಿಯವರೆಗೆ ಕತ್ತರಿ ಕೆಲಸ ಮಾತ್ರ. ಗಡ್ಡದವರನ್ನು ವಾಪಸು ಕಳಿಸುವಾಗ ಭಾವನ ಮುಖ ನೋಡಲಾಗುತ್ತಿರಲಿಲ್ಲ. ಬರಬರುತ್ತ ತೂಕಡಿಕೆ ಹೋಯಿತು, ಮಾತು ದುಪ್ಪಟ್ಟಾಯಿತು.

ಒಂದು ಬೆಳಿಗ್ಗೆ ಅಕ್ಕ ಬೀರು ತೆಗೆದು ಕತ್ತಿಯನ್ನು ಅವರ ಕೈಗಿಟ್ಟಳು. ನನ್ನತ್ತ ತಿರುಗಿ, “ಮೀಸೆ ಬೆಳೆದಿದೆಯಲ್ಲ, ಹೋಗಿ ಕೂತ್ಕೋ” ಎಂದಳು.

“ನಾನಾ? ಗಿರಾಕಿಗಳು ಕಾಯ್ತಿದ್ದಾರೆ.”

“ಇವತ್ತು ಸಂಬಂಧಿಕರೇ ಮೊದಲು” ಎಂದರು ಭಾವ. ಕತ್ತಿಯ ಅಲಗನ್ನು ಎರಡೆರಡು ಸಲ ಒರೆಸಿದರು. ನಾನು ಕುರ್ಚಿಯಲ್ಲಿ ಕೂತು ತಲೆಯನ್ನು ಹಿಂದಕ್ಕಾನಿಸಿದೆ. ಕತ್ತಿ ತುಟಿಯ ಮೇಲೆ ತಣ್ಣಗೆ ತಾಗಿತು.

“ಏಳಪ್ಪಾ, ಆಯ್ತು” ಎಂದು ಅವರು ಭುಜ ತಟ್ಟಿದಾಗಲೇ ಗೊತ್ತಾದದ್ದು, ಈ ಸಲ ಕುರ್ಚಿಯಲ್ಲಿ ನಿದ್ದೆ ಹೋದವನು ನಾನು.